ನೆಲ ಕಾಣದಿದ್ದರೆ

‘ಎಳ್ಳಮಾವಾಸ್ಯೆ, ರೋಣದ ಹೊಲ’ ಎಂದು ನನ್ನ ಹಳೆಯ ಡೈರಿಯ ಒಂದು ಪುಟದಲ್ಲಿದೆ. ಪೈಲಟ್ ಆಗಿದ್ದ ಮಗಳು ವಿಮಾನ ಬಿದ್ದು ತೀರಿಕೊಂಡು ವರ್ಷ ತುಂಬಿದ ಮೇಲೆ ನಾವು ಮಾಡಿದ ಮೊದಲ ಹಬ್ಬ ಅದು. ಹೊಲಕ್ಕೆ ಚರಗ ಚೆಲ್ಲಿದ ಮೇಲೆ, ಅಂದರೆ ಹಬ್ಬದಡುಗೆಯನ್ನು ಭೂತಾಯಿಗೆ ನೈವೇದ್ಯವಾಗಿ ಎರಚಿದ ಮೇಲೆ, ದಾರಿಹೋಕರನ್ನೂ ಊಟಕ್ಕೆ ಕರೆಯುವುದು ನಮ್ಮ ಪದ್ಧತಿ. ಗಜೇಂದ್ರಗಡಕ್ಕೆ ಹೊರಟಿದ್ದ ಸೀರೆ ವ್ಯಾಪಾರಿಯೊಬ್ಬರು ಬಂದು ಕೂತರು. ಮಾತಿನಲ್ಲಿ ನಾನು ಆ ಪೈಲಟ್‌ನ ತಾಯಿ ಎಂದು ಅವರಿಗೆ ತಿಳಿಯಿತು.

“ತಪ್ಪು ತಿಳೀಬ್ಯಾಡ್ರಿ ಅಕ್ಕಾರ. ಇಳಿಸೂ ಹೊತ್ತಿನ್ಯಾಗ ನಿಮ್ಮ ಮಗಳು ಅಂಜಿ ಮತ್ತ ಮ್ಯಾಲೆತ್ತಿದ್ಲಂತ?”

ನಾನು ಅವರ ತಾಟಿಗೆ ಇನ್ನೊಂದು ಶೇಂಗಾ ಹೋಳಿಗೆ ಹಾಕಿದೆ.

“ಅಂಜಿ ಅಲ್ರಿ. ಮಂಜಿನ್ಯಾಗ ನೆಲ ಕಾಣಲಿಲ್ಲಂದ್ರ ಇಳಿಸಬಾರದು, ಮ್ಯಾಲೇರಬೇಕು. ಅದು ನಿಯಮ. ಆಕಿ ಬರೋಬ್ಬರಿ ಏರಿಸಿದ್ಲು. ಏರೂ ಮುಂದ ಎರಡು ಎಂಜಿನ್‌ನ್ಯಾಗ ಒಂದು ನಿಂತಿತು, ಅಷ್ಟು ತೆಳಗ ಇನ್ನೊಂದರ ಬಲ ಸಾಲಲಿಲ್ಲ. ತನಿಖಾ ವರದಿ ನಾನ ಓದೇನಿ, ನಾನೂ ಬಿ.ಎಸ್ಸಿ. ಕಲತಾಕಿ.”

ಅವರು ನಾಚಿ ಎದ್ದೇಳಹೋದರು.

“ಕೂಡ್ರಿ. ಉಣ್ಣೂ ತಾಟ ಬಿಟ್ಟು ಏಳಬಾರದು. ಅದೂ ನಿಯಮನ.”

ಅವರು ಹೋಳಿಗೆ ಮುಗಿಸಿಯೇ ಎದ್ದರು. ನನ್ನ ಮಗಳು ನಿಯಮ ಮುರಿಯಲಿಲ್ಲ. ಆದರೂ ಅವಳು ಉಳಿಯಲಿಲ್ಲ, ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಪೈಲಟ್ ಕೂಡ ಉಳಿಯಲಿಲ್ಲ.