ಸೈಕಲ್ ಅಕ್ಕ ಕೊಟ್ಟ ಮಾತು

ಬೀದಿಯ ತುದಿಯಲ್ಲಿ ಸೈಕಲ್ ರಿಪೇರಿ ಮಾಡುವ ಅಕ್ಕನ ಬಾಯಿ ಸ್ವಲ್ಪ ಜೋರು. ಮಿಡತೆ ಅನ್ನುವ ಹದಿನೈದು ವರ್ಷದ ಹುಡುಗ ಒಂದೇ ವರ್ಷದಲ್ಲಿ ಮೂರು ಸಲ ಅವಳ ಅಂಗಡಿಗೆ ಕನ್ನ ಹಾಕಿದ. ಗೋಡೆ ಹಾರುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಇಂಥವರನ್ನು ಒಳಗೆ ಹಾಕಬೇಕು ಅಂತ ಬೀದಿಯಲ್ಲಿ ಅರ್ಧ ಜನ, ಮಕ್ಕಳನ್ನು ಕೂಡಿಹಾಕಿದರೆ ಇನ್ನೂ ಕೆಡುತ್ತಾರೆ ಅಂತ ಇನ್ನರ್ಧ. ಒಳಗೆ ಹಾಕಿ ಅನ್ನುವವರಲ್ಲಿ ಅಕ್ಕನ ದನಿಯೇ ದೊಡ್ಡದು.

ಮೂರನೇ ಸಲ ಅವನು ಸಿಕ್ಕಿಬಿದ್ದಾಗ, ಅದನ್ನೇ ಹೇಳಲು ಕೋರ್ಟಿಗೂ ಹೋದಳು. ಅವಳ ಅಂಗಡಿಯಿಂದ ಕಳುವಾದ ಸೈಕಲ್ಲು ಸಾಕ್ಷಿಗೆಂದು ಅಲ್ಲೇ ಗೋಡೆಗೆ ಒರಗಿತ್ತು. ಅಕ್ಕನ ಕೈ ಸುಮ್ಮನಿರಬೇಕಲ್ಲ? ಮುಂದಿನ ಗಾಲಿ ಎತ್ತಿ ತಿರುಗಿಸಿದಳು. ಅಂಗಡಿಯಲ್ಲಿದ್ದಾಗ ಹಪ್ಪಳದಂತೆ ಸೊಟ್ಟಗಿದ್ದ ಗಾಲಿ ಈಗ ಒಂದಿಷ್ಟೂ ಓಲಾಡದೆ ಸುತ್ತಿತು. ಬೆಂಡು ತೆಗೆದವರು ಯಾರು ಅಂತ ಕೇಳಿದಳು.

"ನಾನೇ. ನೀವು ಮಾಡೋದನ್ನ ಆಚೆ ನಿಂತು ನೋಡ್ತಿದ್ದೆ," ಅಂದ ಮಿಡತೆ.

ಒಂದೊಂದೇ ಕಡ್ಡಿಯನ್ನು ಹದವಾಗಿ ಬಿಗಿಯುವುದನ್ನು ಕಲಿಯಲು ಅಕ್ಕನಿಗೆ ಎರಡು ವರ್ಷ ಹಿಡಿದಿತ್ತು. ಹೊಟ್ಟೆ ಉರಿಯಿತು, ಖುಷಿಯೂ ಆಯಿತು. ನ್ಯಾಯಾಧೀಶರ ಕಡೆ ತಿರುಗಿ, "ದಿನಾ ನಾಲ್ಕು ಗಂಟೆಗೆ ನನ್ನ ಅಂಗಡಿಗೆ ಬರ್ಲಿ. ಒಂದು ದಿನ ತಪ್ಪಿದ್ರೂ ನಾನೇ ಬಂದು ಹೇಳ್ತೀನಿ. ಆಮೇಲೆ ಒಳಗೆ ಹಾಕಿ," ಅಂದಳು. ಅವರು ಒಪ್ಪಿ, ಹುಡುಗನಿಗೂ ಅದನ್ನೇ ಹೇಳಿ ಎಚ್ಚರಿಸಿ ಕಳಿಸಿದರು.

ನಲವತ್ತು ದಿನ ಬಂದ. ನಲವತ್ತೊಂದನೆಯ ದಿನ, ಸಗಟು ಅಂಗಡಿಯವರ ಮಗನ ಜೊತೆ ಅವನ ಹೊಸ ಸೈಕಲ್ಲು ಹತ್ತಿ, ಅಕ್ಕನ ಅಂಗಡಿಯ ಕಡೆ ಕತ್ತು ಕೂಡ ತಿರುಗಿಸದೆ ಹೊರಟುಹೋದ.

ಅಕ್ಕನ ಗಂಡ ಮೆದು ಮನುಷ್ಯ. "ಒಂದು ದಿನ ತಾನೇ? ಬಂದಿದ್ದ ಅಂತ ಬರ್ಕೋ. ಯಾರು ಕೇಳ್ತಾರೆ?" ಅಂದ.

ಯಾರೂ ಕೇಳುತ್ತಿರಲಿಲ್ಲ, ನಿಜ. ಆದರೂ ಮರುದಿನ ಬೆಳಿಗ್ಗೆ ಅಕ್ಕ ಅಂಗಡಿಗೆ ಬಾಗಿಲು ಹಾಕಿ ಕೋರ್ಟಿಗೆ ಹೋದಳು. ಇದ್ದದ್ದನ್ನು ಇದ್ದಹಾಗೆ ಹೇಳಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಮಿಡತೆಗೆ ಬಾಲಮಂದಿರದಲ್ಲಿ ಮೂರು ತಿಂಗಳ ಶಿಕ್ಷೆಯಾಯಿತು.

ಬೀದಿಯ ಎರಡೂ ಪಂಗಡ ಅವಳ ಮೇಲೆ ಮುಗಿಬಿದ್ದವು. ನಾವು ಆಗಲೇ ಹೇಳಿರಲಿಲ್ಲವೇ ಅಂತ ಒಂದು, ಮಗುವಿನ ಬೆನ್ನಿಗೆ ಚೂರಿ ಹಾಕಿದೆ ಅಂತ ಇನ್ನೊಂದು. ಮಾತಿಗೆ ಮಾತು ಕೊಡುವ ಅಕ್ಕ ಆವತ್ತು ತಲೆ ಬಗ್ಗಿಸಿ ಪಂಕ್ಚರ್ ಹಾಕುತ್ತ ಕೂತಳು. ಅಂಥ ಇನ್ನೊಬ್ಬ ಗಟ್ಟಿ ಹೆಂಗಸನ್ನು ನಾನಂತೂ ಕಂಡಿಲ್ಲ.

ಭಾನುವಾರ ಅವನನ್ನು ನೋಡಲು ಹೋದಳು. ಮೇಜಿನ ಆಚೆ ಮಿಡತೆ ಮುಖ ಊದಿಸಿಕೊಂಡು ಕೂತಿದ್ದ.

"ಹಿಡಿದು ಕೊಟ್ಟಿದ್ದೂ ನೀವೇ, ನೋಡೋಕೆ ಬಂದಿದ್ದೂ ನೀವೇ."

"ಹೂಂ. ಎರಡೂ ನಾನೇ. ಇಲ್ಲಿಂದ ಬಿಟ್ಟ ದಿನ ನಾಲ್ಕು ಗಂಟೆಗೆ ಬರ್ಬೇಕು."

ಮಿಡತೆ, ತಾನು ಅಂಗಡಿಯಲ್ಲಿ ಅರ್ಧಕ್ಕೆ ಬಿಟ್ಟ ಗಾಲಿಯನ್ನು ಯಾರು ಮುಗಿಸಿದರು ಅಂತ ಕೇಳಿದ.

"ಹಾಗೇ ಇದೆ. ಯಾರೂ ಮುಟ್ಟಿಲ್ಲ."

ಆ ಗಾಲಿಯ ಯಜಮಾನ ಆಗಲೇ ಮೂರು ಸಲ ಬಂದು ಜಗಳ ಆಡಿ ಹೋಗಿದ್ದ. ಅದನ್ನು ಮಾತ್ರ ಅಕ್ಕ ಹೇಳಲಿಲ್ಲ.