ನಿಶ್ಚಿತಾರ್ಥದ ತಟ್ಟೆಯಲ್ಲಿ ಬಂದ ಐಫೋನ್

ನಮ್ಮ ಕಡೆ ಈಗ ನಿಶ್ಚಿತಾರ್ಥದ ತಟ್ಟೆಗಳಲ್ಲಿ ಸೀರೆ, ಹಣ್ಣು, ಹೂವಿನ ಜೊತೆ ಒಂದು ಫೋನೂ ಬರುತ್ತದೆ. ಗಂಡಿನ ಕಡೆಯವರು ಹೆಣ್ಣಿಗೆ ಕೊಡಬೇಕು. ಎಂಥ ಫೋನು ಎಂಬುದರ ಮೇಲೆ ನೆಂಟರು ಗಂಡಿನ ಆಸ್ತಿ ಅಳೆಯುತ್ತಾರೆ. ನನಗೆ ಬಂದದ್ದು ಐಫೋನ್. ಡಬ್ಬಕ್ಕೆ ಅರಿಶಿನದ ಕೊಂಬು ಕಟ್ಟಿ, ಮಲ್ಲಿಗೆ ಸುತ್ತಿ, ಬೆಳ್ಳಿ ತಟ್ಟೆಯಲ್ಲಿಟ್ಟು ತಂದಿದ್ದರು. ನನ್ನ ದೊಡ್ಡಮ್ಮ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸುಳ್ಳಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಅಪ್ಪ ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ, ಆಲೂಗಡ್ಡೆ ಮೂಟೆ ಹೊರುವ ಹಮಾಲಿ. ಗೊರಗುಂಟೆಪಾಳ್ಯದ ಒಂದು ಗಲ್ಲಿಯಲ್ಲಿ ನಮ್ಮ ಬಾಡಿಗೆ ಮನೆ. ಗೋಡೆಯ ಆಚೆ ಗಾರ್ಮೆಂಟ್ಸ್, ದಿನವಿಡೀ ಮೆಷಿನ್ ಸದ್ದು. ಆ ಸದ್ದಿನಲ್ಲೇ ಓದಿ ಬಿ.ಕಾಂ. ಮಾಡಿದೆ, ಫಸ್ಟ್ ಕ್ಲಾಸಿನಲ್ಲಿ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೆಬ್ಬಾಳದ ಒಂದು ಆಫೀಸಿನಲ್ಲಿ ಗುತ್ತಿಗೆಯ ಮೇಲೆ ಲೆಕ್ಕ ಬರೆಯುತ್ತಿದ್ದೆ. ನಿಶ್ಚಿತಾರ್ಥಕ್ಕೆ ಸ್ವಲ್ಪ ಮುಂಚೆ ಅಲ್ಲಿಯೇ ಹತ್ತಿರದ ಇನ್ನೊಂದು ದೊಡ್ಡ ಕಂಪನಿಯಲ್ಲಿ ಕಾಯಂ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟು ಬಂದಿದ್ದೆ. ಚೆನ್ನಾಗಿ ಆಗಿತ್ತು. ಫೋನ್ ಮಾಡ್ತೀವಿ ಅಂದಿದ್ದರು. ಓದಿದ್ದೆಲ್ಲ ಆ ಒಂದು ಫೋನ್ ಕರೆಗಾಗಿ ಅನ್ನುವ ಹಾಗೆ ಕಾಯುತ್ತಿದ್ದೆ.

ಹುಡುಗ ಅಟ್ಟೂರಿನವನು. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅವನು ಮೂರಂತಸ್ತಿನ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದ. ಪಿಯುಸಿಯಲ್ಲಿ ಮುಗ್ಗರಿಸಿದವನು ಮತ್ತೆ ಏಳಲಿಲ್ಲ, ಏಳುವ ಅಗತ್ಯವೂ ಬೀಳಲಿಲ್ಲ. ಸಂಬಂಧ ತಂದವರು ನನ್ನ ಸೋದರಮಾವ. ಅವರ ಮುಂದೆಯೇ ಹುಡುಗನಿಗೆ ಹೇಳಿದ್ದೆ, ಮದುವೆಯಾದ ಮೇಲೂ ಕೆಲಸಕ್ಕೆ ಹೋಗುತ್ತೇನೆ, ಇದಕ್ಕೆ ಒಪ್ಪಿದರೆ ಮಾತ್ರ. "ನೋಡೋಣ ಬಿಡಿ" ಅಂದ. ಮಾವ ಹೊರಗೆ ಬಂದು ಎಲ್ಲರಿಗೂ "ಒಪ್ಪವ್ನೆ, ಒಪ್ಪವ್ನೆ" ಅಂದರು.

ನಿಶ್ಚಿತಾರ್ಥದ ಊಟವಾದ ಮೇಲೆ ಹುಡುಗನೇ ಸೋಫಾದ ಮೇಲೆ ಕೂತು, ನನ್ನ ಆಂಡ್ರಾಯ್ಡನ್ನೂ ಹೊಸ ಐಫೋನನ್ನೂ ತೊಡೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಅದರಿಂದ ಇದಕ್ಕೆ ಸರಕು ಸಾಗಿಸಿದ. ನಾನು ಹಳೆಯದರ ಪಾಸ್‌ವರ್ಡ್ ಹೇಳುತ್ತಾ ಪಕ್ಕದಲ್ಲಿ ನಿಂತಿದ್ದೆ.

"ವಾಟ್ಸಾಪ್‌ದು ಹಳೇ ಚಾಟ್ ಬೇಕಾ?" ಎಂದು ಕೇಳಿದ.

"ಬೇಕು."

"ಯಾಕೆ, ಹೊಸ ಜೀವನ ಅಲ್ವಾ?" ಎಂದು ಬೇಡ ಅನ್ನುವುದನ್ನು ಒತ್ತಿದ. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ. ತಲೆ ತುಂಬ ಹೂ ಮುಡಿದು ನಿಂತವಳು ಇನ್ನೇನು ಮಾಡುತ್ತಾಳೆ?

ಮೊದಲ ಸಂಬಳದಲ್ಲಿ ಕೊಂಡಿದ್ದ ನನ್ನ ಆಂಡ್ರಾಯ್ಡನ್ನು ತಂಗಿ ತೆಗೆದುಕೊಂಡಳು. ನಾನು ಬೇರೆಯವರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಹುಡುಕುವವಳ ಹಾಗೆ ಹೊಸದರಲ್ಲಿ ಒದ್ದಾಡಿದೆ. ಹಿಂದಕ್ಕೆ ಹೋಗುವ ಗುಂಡಿ ಇರಲಿಲ್ಲ. ಹೆಬ್ಬೆರಳು ಅಭ್ಯಾಸಬಲದಿಂದ ಬರೀ ಗಾಜನ್ನು ಒತ್ತುತ್ತಿತ್ತು. ಕನ್ನಡ ಟೈಪಿಸಲು ಒತ್ತಕ್ಷರಗಳ ದಾರಿಯೇ ಬೇರೆ. ಡಬ್ಬದಲ್ಲಿ ಚಾರ್ಜರ್ ಇಲ್ಲವೆಂದು ಅಮ್ಮ ಅದನ್ನು ಬೋರಲು ಹಾಕಿ ಕುಟ್ಟಿ ನೋಡಿದಳು. "ಬರೀ ದಾರ ಕೊಟ್ಟವ್ರೆ. ಅಂಗ್ಡಿಯವ್ನೇ ಹೊಡ್ಕೊಂಡಿರ್ಬೇಕು," ಅಂದಳು.

ಎಲ್ಲಕ್ಕಿಂತ ವಿಚಿತ್ರವೆಂದರೆ, ನನ್ನ ಫೋನಿನೊಳಗೆ ನನಗೆ ಗೊತ್ತಿಲ್ಲದ ಜನ ತುಂಬಿದ್ದರು. ಎಂ ಸ್ಯಾಂಡ್ ಲಾರಿ, ಸೆಂಟ್ರಿಂಗ್ ಮೇಸ್ತ್ರಿ, ಜೆಸಿಬಿ ಅಣ್ಣ, ಬೋರ್‌ವೆಲ್, ಲೈನ್‌ಮನ್ ಹಳಬ, ಲೈನ್‌ಮನ್ ಹೊಸಬ. ಫೋಟೋ ತೆರೆದರೆ ಕಬ್ಬಿಣದ ಸರಳು, ಸಂಪು, ಅರ್ಧ ಎದ್ದ ಗೋಡೆ. ಹುಡುಗನನ್ನು ಕೇಳಿದ್ದಕ್ಕೆ, "ಇರ್ಲಿ ಬಿಡು, ನಾಳೆ ನಮ್ ಲೆಕ್ಕ ನೋಡೋಳು ನೀನೇ ತಾನೆ," ಅಂದ.

ಒಂದು ದಿನ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. ಊಟದ ಹೊತ್ತಿನಲ್ಲಿ ಒಂದು ಫೋಟೋ ತೆಗೆದೆ, ಯಾರಿಗೂ ಕಳಿಸಲಿಲ್ಲ. ಸಂಜೆ ಹುಡುಗನ ಫೋನ್ ಬಂತು.

"ಕೇಕ್ ಚೆನ್ನಾಗಿತ್ತಾ? ನಿನ್ ಪಕ್ಕ ಚೆಕ್ಸ್ ಶರ್ಟ್ ಹಾಕ್ಕೊಂಡ್ ಕೂತಿದ್ನಲ್ಲ, ಯಾರವ್ನು?"

ಆಫೀಸಿನವರು ಎಂದಷ್ಟೇ ಹೇಳಿ ಇಟ್ಟೆ. ಮರುದಿನ ಪಕ್ಕದ ಮೇಜಿನ ಗೆಳತಿಗೆ ಹೇಳಿದೆ, ಅವಳದೂ ಐಫೋನೇ. ಅವಳು ನನ್ನದನ್ನು ಇಸಕೊಂಡು ಸೆಟ್ಟಿಂಗ್ಸ್ ತೆರೆದಳು. ಮೇಲ್ಗಡೆ ಅವನ ಹೆಸರು, ಅವನ ಮುಖ.

"ಲೇ, ಇದು ನಿನ್ ಫೋನೇ ಅಲ್ಲ ಕಣೇ," ಅಂದಳು. "ಅವ್ನ ಅಕೌಂಟಲ್ಲಿ ಹಾಕ್ಕೊಟ್ಟವ್ನೆ. ನೀನು ಯಾರಿಗ್ ಮಾಡ್ದೆ, ಯಾರು ನಿಂಗ್ ಮಾಡಿದ್ರು, ಫೋಟೋ, ನಂಬರು, ಎಲ್ಲಾ ಅವ್ನ ಫೋನಿಗೂ ಹೋಗತ್ತೆ."

"ಅವನದು ನನಗೆ ಬರುತ್ತಲ್ಲ?"

"ಹೂಂ. ಬಾವಿ ಒಂದೇ. ಎರಡ್ ಕಡೆಯಿಂದ್ಲೂ ಸೇದಬಹುದು. ಅದು ಆ ಪೆದ್ದನಿಗೆ ಹೊಳೆದಿಲ್ಲ."

ನನ್ನ ಹೆಸರಿನಲ್ಲೇ ಅಕೌಂಟ್ ಮಾಡಿಕೊಳ್ಳುತ್ತೇನೆ, ಪಾಸ್‌ವರ್ಡ್ ಕೊಡಿ ಎಂದು ಅವನನ್ನು ಕೇಳಿದೆ. "ಗಂಡ ಹೆಂಡ್ತಿ ಮಧ್ಯೆ ನಿಂದು ನಂದು ಏನಿದ್ಯಮ್ಮಾ," ಎಂದು ನಕ್ಕ. ಅಮ್ಮನಿಗೆ ಹೇಳಿದೆ. ಅಮ್ಮ, "ಒಳ್ಳೇದೇ ಅಲ್ವೇನೇ? ನಿಮ್ಮಪ್ಪ ನನ್ ನಂಬರ್ ಏನು ಅಂತ್ಲೂ ಇವತ್ತಿಗೂ ಕೇಳಿಲ್ಲ," ಅಂದಳು. ಗಂಡಿನ ಕಡೆಯವರು ಕೊಟ್ಟದ್ದನ್ನು ಮೂಲೆಗಿಟ್ಟರೆ ಮಾತು ಬರುತ್ತದೆ ಎಂದು ಅದರಲ್ಲೇ ಮುಂದುವರಿದೆ. ಕಾಯಂ ಕೆಲಸದ ಕರೆಯೊಂದು ಬಂದುಬಿಡಲಿ, ಆಮೇಲೆ ನನ್ನ ಸಂಬಳದಲ್ಲಿ ನನ್ನದೇ ಒಂದು ಕೊಂಡರಾಯಿತು ಎಂದುಕೊಂಡೆ.

ಕರೆ ಬಂತು. ನಾನು ಹೆಬ್ಬಾಳದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ, ಫೋನು ಬ್ಯಾಗಿನೊಳಗಿತ್ತು, ಕೇಳಿಸಲಿಲ್ಲ. ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಫೋನು ಡ್ರಾದಲ್ಲಿರಬೇಕು. ಊಟಕ್ಕೆ ಎದ್ದಾಗ ತೆಗೆದು ನೋಡಿದೆ. ಆ ಕಂಪನಿಯ ನಂಬರಿನಿಂದ ಒಂದು ಮಿಸ್ಡ್ ಕಾಲ್. ಅದರ ಮೇಲೆ ಅದೇ ನಂಬರಿಗೆ ಹೋದ ಇನ್ನೊಂದು ಕರೆ, ಮಾತೂ ಆಗಿದೆ. ನಾನು ಮಾಡಿದ್ದಲ್ಲ.

ಆ ನಂಬರಿಗೆ ಮಾಡಿದೆ. ಒಬ್ಬ ಹೆಂಗಸು ಎತ್ತಿ ನನ್ನ ಹೆಸರು ಕೇಳಿ, "ಬೆಳಿಗ್ಗೆ ನಿಮ್ಮ ಮನೆಯವರೇ ಮಾತಾಡಿದ್ರಲ್ಲಮ್ಮಾ," ಅಂದರು. "ಮದುವೆ ಗೊತ್ತಾಗಿದೆ, ಕೆಲಸಕ್ಕೆ ಕಳಿಸಲ್ಲ ಅಂದ್ರು. ಲಿಸ್ಟಲ್ಲಿ ಮುಂದಿನವರಿಗೆ ಹೇಳ್ಬಿಟ್ವಿ. ಅವರು ಸೋಮವಾರ ಸೇರ್ತಾರೆ."

ಸಂಜೆ ಆ ಕಂಪನಿಗೇ ಹೋದೆ. ಅದೇ ಹೆಂಗಸು ಹೊರಗೆ ಬಂದು, "ಮನೇಲಿ ಮಾತಾಡ್ಕೊಂಡು ಅರ್ಜಿ ಹಾಕ್ಬೇಕಮ್ಮಾ ಇನ್ಮೇಲೆ," ಎಂದು ಒಳಗೆ ಹೋದರು. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಆ ಭಾನುವಾರ ಲಗ್ನಪತ್ರಿಕೆಯ ಕರಡು ತೋರಿಸಲು ಹುಡುಗ, ಅವನ ತಾಯಿ, ಸೋದರಮಾವ ನಮ್ಮ ಮನೆಗೆ ಬಂದರು. ಅವತ್ತು ಅಟ್ಟೂರಿನಲ್ಲಿ ಅವನ ಹೊಸ ಕಟ್ಟಡದ ತಾರಸಿಗೆ ಕಾಂಕ್ರೀಟಿನ ಮೋಲ್ಡ್ ಹಾಕುವುದಿತ್ತು. ಗಳಿಗೆಗೊಮ್ಮೆ ಫೋನು ನೋಡುತ್ತಾ, ಬೇಗ ಹೊರಡಬೇಕು ಅನ್ನುತ್ತಾ ಕೂತಿದ್ದ. ಅವನ ತಾಯಿ ಮಾವನಿಗೆ ಹೇಳುತ್ತಿದ್ದರು, "ಉಡುಗಿ ಎಸ್ರು ಮುಂದೆ ಬಿಕಾಂ ಅಂತ ದೊಡ್ದಾಗಿ ಆಕ್ಸಿ. ನಮ್ಮನೇಗೆ ಓದಿರೋ ಸೊಸೆ ಬತ್ತಾವ್ಳೆ ಅಂತ ಊರೋರ್ಗೆ ಗೊತ್ತಾಗ್ಲಿ."

ನಾನು ಕಾಫಿ ಲೋಟಗಳನ್ನು ಇಟ್ಟು, ಅಲ್ಲೇ ನಿಂತು ಹುಡುಗನನ್ನು ಕೇಳಿದೆ.

"ಕಂಪನಿಗೆ ಫೋನ್ ಮಾಡಿ ನಾನು ಬರಲ್ಲ ಅಂತ ಹೇಳಿದ್ದು ನೀವೇನಾ?"

"ಹೂಂ, ನಾನೇ. ಏನೀವಾಗ?" ಅಂದ. "ಯಾರ್ದೋ ಬಿಲ್ ಬರಿಯೋ ಬದ್ಲು ಗಂಡನ್ ಬಿಲ್ ಬರಿ."

"ಒಪ್ಕೊಂಡಿದ್ರಲ್ಲ?"

"ಒಪ್ಪಿದೀನಿ ಅಂತ ಯಾವಾಗ್ ಅಂದೆ? ನೋಡೋಣ ಅಂದೆ. ನೋಡ್ದೆ."

ಮಾವ ಜೋರಾಗಿ ನಕ್ಕರು. ಅವನ ತಾಯಿ ಕಾಫಿ ಊದಿಕೊಳ್ಳುತ್ತಾ, "ಅಲ್ಲ ಕಣವ್ವ, ಫೋನ್ ಕೊಟ್ಟೋನು ಫೋನ್ ನೋಡ್ದ. ಅಷ್ಟಕ್ಕೆ ಇಂಗಾಡ್ತಾರಾ? ನೀನು ದುಡಿದು ತಂದು ನಮ್ಮನೆ ತುಂಬ್ಬೇಕಾಗಿಲ್ಲ," ಅಂದರು. ನಾನು ಅಪ್ಪನ ಮುಖ ನೋಡಿದೆ. ಅಪ್ಪ, "ಒಳಗೋಗವ್ವ," ಅಂದ.

ನಾನು ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಫೋನಿನ ನಂಬರುಗಳ ಪಟ್ಟಿ ತೆರೆದೆ. ಎರಡು ಬೆರಳಿಟ್ಟು ಕೆಳಕ್ಕೆ ಎಳೆದರೆ ಹೆಸರುಗಳು ಸಾಲುಸಾಲಾಗಿ ಆಯ್ಕೆಯಾಗುತ್ತವೆ ಎಂದು ಆಫೀಸಿನ ಗೆಳತಿ ತೋರಿಸಿಕೊಟ್ಟಿದ್ದಳು. ಎಳೆದೆ. ಜೆಸಿಬಿ, ಬೋರ್‌ವೆಲ್, ಲಾರಿ, ಮೇಸ್ತ್ರಿ, ಲೈನ್‌ಮನ್‌ಗಳು ಇಬ್ಬರೂ. ನನ್ನ ಕ್ಲಾಸಿನ ಗೆಳತಿಯರೂ ಅದರಲ್ಲಿದ್ದರು. ಹೋಗಲಿ ಎಂದು ಎಲ್ಲವನ್ನೂ ಒಟ್ಟಿಗೆ ಅಳಿಸಿದೆ. ಮೈಯಲ್ಲಿ ಒಂದು ತಣ್ಣನೆಯ ಸುಖ ಇಳಿಯಿತು. ಡಿಗ್ರಿ ಸಿಕ್ಕ ದಿನವೂ ಅಂಥದ್ದು ಆಗಿರಲಿಲ್ಲ.

ಹೊರಗೆ ಅವನ ಫೋನು ಹೊಡೆದುಕೊಂಡಿತು.

"ಯಾರಿದು? ಯಾರಪ್ಪಾ ನೀನು? ಯಾವ್ ಮಿಕ್ಸರ್?" ಎಂದು ಅವನು ಕೂಗುವುದು ಕೇಳಿಸಿತು. "ಓ, ಬಂದ್ಬಿಟ್ಟಾ? ಮೇಸ್ತ್ರಿ ಅಲ್ಲಿಲ್ವಾ? ತಡಿ, ಮೇಸ್ತ್ರಿಗೆ ಹೇಳ್ತೀನಿ." ಆಮೇಲೆ, "ಲೇ, ನನ್ ನಂಬರ್‌ಗಳೆಲ್ಲಿ? ಎಲ್ಲಾ ಖಾಲಿ ತೋರಿಸ್ತೈತೆ!"

ನಾನು ಬಾಗಿಲಿಗೆ ಬಂದು ನಿಂತೆ. "ನಿಂದು ನಂದು ಏನಿದೆ ಅಂದಿದ್ರಲ್ಲ. ನನ್ನ ಫೋನಲ್ಲಿ ಕಸ ಜಾಸ್ತಿ ಆಗಿತ್ತು, ಗುಡಿಸ್ದೆ."

ಅವನು ಎದ್ದ. "ಮೂಟೆ ಹೊರೋನ್ ಮಗಳಿಗೆ ಇಷ್ಟು ಕೊಬ್ಬಾ?"

ಅಪ್ಪನೂ ಎದ್ದ. ಈಗ ಏನಾದರೂ ಅನ್ನುತ್ತಾನೆ ಎಂದು ನಾನು ಕಾದೆ. ಅಪ್ಪ ಎರಡೂ ಕೈ ಜೋಡಿಸಿ, "ತಪ್ಪಾಯ್ತು ಯಜಮಾನ್ರೆ, ದೊಡ್ ಮನ್ಸ್ ಮಾಡಿ," ಅಂದ. ಯಾರ್ಡಿನಲ್ಲಿ ಮೂಟೆ ಹರಿದಾಗ ಮಂಡಿ ಮಾಲೀಕರಿಗೆ ಹೇಳುವ ಮಾತು, ಅದೇ ದನಿ.

ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಅದರ ಮೊನೆಯಿಂದ ಸಿಮ್ ಎಬ್ಬಿಸಿಕೊಂಡು, ಫೋನನ್ನು ಅವನ ತಾಯಿಯ ಮುಂದಿಟ್ಟೆ. ಅವರು ಅದನ್ನು ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು, "ಗೀರೇನಾರ ಬಿದ್ದೈತಾ ನೋಡ್ಲಾ," ಎಂದು ಮಗನ ಕೈಗೆ ಕೊಟ್ಟರು.

ಅಳಿಸಿದ ನಂಬರುಗಳನ್ನು ವಾಪಸ್ ತರುವ ದಾರಿ ಇದೆಯಂತೆ. ಯಾರನ್ನೋ ಹಿಡಿದು ಬೇಗನೇ ತರಿಸಿಕೊಂಡನಂತೆ. ಕೆಲಸ ವಾಪಸ್ ತರುವ ದಾರಿಯನ್ನು ಮಾತ್ರ ನನಗೆ ಯಾರೂ ತೋರಿಸಲಿಲ್ಲ. ತಂಗಿಯ ಹತ್ತಿರ ನನ್ನ ಆಂಡ್ರಾಯ್ಡ್ ಕೇಳಿದೆ. ಅವಳು ತನ್ನ ಸಿಮ್ ತೆಗೆದುಕೊಂಡು ಫೋನು ಕೊಟ್ಟಳು. ಜಾಗ ಸಾಲದೆಂದು ನನ್ನ ಹಳೆಯದನ್ನೆಲ್ಲ ಅಳಿಸಿದ್ದಳು. ಬ್ಯಾಂಕಿನ ಆ್ಯಪು, ದುಡ್ಡು ಕಳಿಸುವ ಆ್ಯಪು, ಒಂದೊಂದೂ ಇದು ನೀವೇನಾ ಎಂದು ಕೇಳಿತು. ನಾನೇ ಎಂದು ಒಂದೊಂದಕ್ಕೂ ಹೇಳಿದೆ.

ಸ್ವಲ್ಪ ದಿನಕ್ಕೆ ಸೋದರಮಾವ ಮತ್ತೆ ಬಂದರು. ನನ್ನ ಕಡೆ ನೋಡದೆ ಅಪ್ಪನಿಗೆ ಹೇಳಿದರು. "ಛತ್ರ ಹಿಡಿದಾಗಿದೆ, ಅಡುಗೆಯವ್ರಿಗೂ ಹೇಳಾಗಿದೆ. ಚಿಕ್ಕೋಳನ್ನ ಕೊಡ್ತೀರಾ ಅಂತ ಕೇಳ್ತವ್ರೆ. ಓದಿರೋಳು ಸಾಕಾಯ್ತಂತೆ. ಲೆಕ್ಕಕ್ಕೆ ಆಡಿಟರ್ ಇಟ್ಕೋತಾರಂತೆ."

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಮಾವ ಕಾಫಿ ಮುಗಿಸುವ ಮೊದಲೇ ಒಪ್ಪಿಗೆಯಾಗಿತ್ತು.

ತಂಗಿ ಒಳಗೆ ಅವರೆಕಾಳು ಹಿತುಕುತ್ತಿದ್ದಳು. ಎದುರು ಕೂತು ಎಲ್ಲ ಬಿಡಿಸಿ ಹೇಳಿದೆ. "ನಿಂಗೂ ಅದೇ ಫೋನ್ ಕೊಡ್ತಾನೆ. ಯಾರ್ ಯಾರು ಫೋನ್ ಮಾಡ್ತಾರೆ ಅಂತ ಎಲ್ಲಾ ನೋಡ್ತಾನೆ ಕಣೇ."

ಅವಳು ಕಾಳಿನಿಂದ ಕಣ್ಣೆತ್ತಲಿಲ್ಲ. "ನಂಗ್ಯಾರಕ್ಕ ಫೋನ್ ಮಾಡ್ತಾರೆ?"

ಅವಳೇ ಮುಂದುವರಿಸಿದಳು. "ನಿನ್ ಫೀಸ್ ಕಟ್ಬೇಕು ಅಂತ ನನ್ನ ಹತ್ತನೇ ಕ್ಲಾಸಿಗೇ ಬಿಡಿಸಿದ್ರು. ನಿಂಗೆ ಈ ಕಂಪನಿ ಇಲ್ದಿದ್ರೆ ಇನ್ನೊಂದು ಕಂಪನಿ ಕರಿಯತ್ತೆ. ನನ್ನ ಇವತ್ತು ಕರ್ದಿದಾರೆ. ಬೇಡ ಅನ್ಬೇಡ."

ಮದುವೆ ಮೊದಲು ಗೊತ್ತು ಮಾಡಿದ್ದ ದಿನವೇ ಆಯಿತು. ನಾನು ಧಾರೆಯ ಹೊತ್ತಿಗೆ ಹೋಗಿ, ಅಕ್ಷತೆ ಹಾಕಿ, ಊಟ ಮಾಡದೆ ಬಂದೆ. ಆರು ತಿಂಗಳೊಳಗೆ ಯಲಹಂಕದ ಒಂದು ಕಂಪನಿಯಲ್ಲಿ ನನಗೆ ಕಾಯಂ ಕೆಲಸ ಸಿಕ್ಕಿತು. ನೇಮಕದ ಆದೇಶ ಕೈಗೆ ಬಂದ ಕೂಡಲೇ ಮೊದಲು ತಂಗಿಗೆ ಫೋನ್ ಮಾಡಿದೆ.

"ಒಳ್ಳೇದಾಯ್ತಕ್ಕ," ಅಂದಳು. ಹಿಂದೆ ಟಿವಿ ಸದ್ದು. ಅವಳು ದನಿ ತಗ್ಗಿಸಿದಳು. "ಇನ್ನೊಂದ್ ಸಲ ಈ ನಂಬರ್ಗೆ ಮಾಡ್ಬೇಡ. ಅವ್ರ ಫೋನಲ್ಲೂ ನಿನ್ ಹೆಸರು ಬೀಳತ್ತೆ, ಕೂಗಾಡ್ತಾರೆ."

ನಾನು ಮಾಡುವುದನ್ನು ಬಿಟ್ಟಿಲ್ಲ. ಸಂಬಳ ಬಂದ ದಿನ ತಪ್ಪದೆ ಮಾಡುತ್ತೇನೆ. ಅವಳು ಎತ್ತುವುದಿಲ್ಲ, ನನಗೆ ಗೊತ್ತು. ಹೆಬ್ಬಾಳದ ಆ ಕರೆಯನ್ನು ಕಿತ್ತುಕೊಂಡವನ ಫೋನಿನಲ್ಲಿ ನನ್ನ ಹೆಸರು ಬೀಳಲಿ, ಅವನು ನೋಡಲಿ ಎಂದೇ ಮಾಡುತ್ತೇನೆ. ಬೈಸಿಕೊಳ್ಳುವವಳು ಅವಳು ಎಂಬುದೂ ನನಗೆ ಗೊತ್ತು.