ತಾಮ್ರದ ಭಟ್ಟಿ, ನಮ್ಮ ಮನೆಯ ನೀರು

ಅಬಕಾರಿ ಇಲಾಖೆಯವರೇ, ಔಷಧ ಇಳಿಸುತ್ತಿದ್ದ ಹೆಂಗಸನ್ನು ನೀವು ಕಳ್ಳಭಟ್ಟಿಯವಳೆಂದು ಸಾರಿದಿರಿ. ಅದು ಸುಳ್ಳೆಂದು ಬಲ್ಲ ನಮ್ಮ ಮನೆ ಬಾಯಿ ಮುಚ್ಚಿಕೊಂಡಿತು. ಯಾವ ಅಪರಾಧ ದೊಡ್ಡದೆಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಕಳೆದ ವಾರ ಹರಿಹರದಲ್ಲಿ, ಅಕ್ಕನ ಮನೆಯಲ್ಲಿ, ಹಳೆಯ ಸೀಸೆಯೊಂದರ ಬಿರಡೆ ತೆಗೆದೆ. ಒಳಗೆ ಹನಿಯೂ ಇರಲಿಲ್ಲ. ಓಮದ ಘಾಟು ಮಾತ್ರ ಉಳಿದಿತ್ತು...

ದಾವಣಗೆರೆಯ ನಮ್ಮ ಓಣಿಯ ಆ ಮುಸಲ್ಮಾನ ಹೆಂಗಸನ್ನು ಎಲ್ಲರೂ ಅರ್ಕದಮ್ಮ ಎನ್ನುತ್ತಿದ್ದರು. ಹಿತ್ತಲಿನ ತಾಮ್ರದ ಭಟ್ಟಿಯಲ್ಲಿ ಓಮ ಬೇಯಿಸಿ ಅರ್ಕ ಇಳಿಸುವರು. ಮೇಲೆ ತೇಲುವ ಎಣ್ಣೆಯನ್ನು ಹತ್ತಿಗೆ ಹೀರಿಸಿ ತೆಗೆಯುವರು. ಅಕ್ಕನಿಗೆ ಕರುಳಿನಲ್ಲಿ ಹುಣ್ಣು, ಆಗಾಗ ರಕ್ತಭೇದಿ. ಆಸ್ಪತ್ರೆಯ ಪುಡಿಗಳಿಗೆ ಬಗ್ಗದ ನೋವು ಆ ಎಣ್ಣೆ ಬೆರೆಸಿದ ಮಜ್ಜಿಗೆಗೆ ತಗ್ಗುತ್ತಿತ್ತು. ಗುಣವಾಯಿತೆಂದು ಹೇಳಲಾರೆ, ಅಕ್ಕ ನಿದ್ದೆ ಮಾಡುತ್ತಿದ್ದಳು.

ನಮ್ಮದು ಲಿಂಗ ಕಟ್ಟಿದ ಮನೆಯೆಂದು ಆಕೆಯೇ ಒಂದು ಪದ್ಧತಿ ಮಾಡಿದ್ದರು. "ನೀರು ನಿಮ್ಮನೇದೇ ತಗಂಬಾ ತಂಗಿ. ನಾಳೆ ಯಾರೂ ಆಡ್ಕೋಬಾರ್ದು ನೋಡು." ಹೈಸ್ಕೂಲಿನಲ್ಲಿದ್ದ ನಾನು ನಮ್ಮ ಬಾವಿಯ ನೀರನ್ನು ಕೊಡದಲ್ಲಿ ಹೊತ್ತೊಯ್ಯುತ್ತಿದ್ದೆ.

ಅದು ಪಾನನಿರೋಧದ ಕಾಲ. ಹೊಗೆ ಕಂಡ ಇನ್ಸ್‌ಪೆಕ್ಟರು ಭಟ್ಟಿ ಎತ್ತಿಸಿ, ಆಕೆಯನ್ನು ನಮ್ಮ ಬಾಗಿಲಿಗೆ ಕರೆತಂದರು. ಅಕ್ಕನನ್ನು ಹೆಣ್ಣು ನೋಡಲು ಬಂದ ಹರಿಹರದವರು ಪಡಸಾಲೆಯಲ್ಲಿ ಕೂತಿದ್ದರು. ಅವರಿಂದ ಕಾಯಿಲೆಯ ವಿಷಯ ಮುಚ್ಚಿಡಲಾಗಿತ್ತು.

"ಇದು ಔಷಧ, ನಿಮ್ಮನೆಗೂ ಕೊಡ್ತೀನಿ ಅಂತಾಳೆ. ಹೌದೇನ್ರಿ ಯಜಮಾನ್ರೇ?" ಇನ್ಸ್‌ಪೆಕ್ಟರು ಕೇಳಿದರು.

ಅಪ್ಪ ಪಡಸಾಲೆಯ ಕಡೆ ನೋಡಿದರು. "ನಾವು ಅವರ ಮನೆ ನೀರು ಸೈತ ಮುಟ್ಟಂಗಿಲ್ರಿ."

ಅರ್ಕದಮ್ಮ ನನ್ನನ್ನೇ ನೋಡುತ್ತಿದ್ದರು. ಕದದ ಹಿಂದೆ ಅಕ್ಕ ನಿಂತಿದ್ದುದೂ ಅವರಿಗೆ ಕಂಡಿರಬೇಕು. "ಯಜಮಾನ್ರು ಹೇಳಿದ್ದು ಖರೇ ಐತ್ರಿ," ಎಂದರು. "ನಮ್ಮನೆ ನೀರು ಅವರು ಮುಟ್ಟಿಲ್ಲ."

ನಾನು ನೆಲ ನೋಡಿದೆ...

ಅಕ್ಕನ ಮದುವೆಯಾಯಿತು. ಅರ್ಕದಮ್ಮ ಕಳ್ಳಭಟ್ಟಿಯವಳೆಂಬ ಹೆಸರು ಹೊತ್ತು, ಊದುಬತ್ತಿ ಹೊಸೆದು ಮಗಳನ್ನು ಸಾಕಿದರು. ಈಗ ಅವರೂ ಇಲ್ಲ. ಅಕ್ಕನ ನೋವು ಮರಳಿದೆ. ನೋವು ಹೆಚ್ಚಾದಾಗ ಆ ಖಾಲಿ ಸೀಸೆ ಮೂಸುತ್ತಾಳೆ.

ಆದ್ದರಿಂದ ಇಲಾಖೆಯನ್ನು ವಿಧಿಪೂರ್ವಕವಾಗಿ ಕೇಳುತ್ತೇನೆ: ಆ ಭಟ್ಟಿಯಲ್ಲಿ ಯಾವ ಸಾರಾಯಿ ಸಿಕ್ಕಿತೆಂದು ಲಿಖಿತವಾಗಿ ತಿಳಿಸಿ. ಸಿಕ್ಕಿಲ್ಲವಾದರೆ ಕಳಂಕ ತೊಡೆದು, ಭಟ್ಟಿಯನ್ನು ಆಕೆಯ ಮಗಳಿಗೆ ಮರಳಿಸಿ. ಕರುಳಿನ ಬೇನೆಗೆ ಆ ಎಣ್ಣೆ ನಿಜಕ್ಕೂ ಆದೀತೇ ಎಂದು ಸರ್ಕಾರಿ ಆಸ್ಪತ್ರೆ ಪರೀಕ್ಷಿಸಲಿ. ಸಾಕ್ಷಿಗೆ ನೀರು ಹೊತ್ತ ನಾನಿದ್ದೇನೆ. ಅಕ್ಕನೂ ಬರುತ್ತಾಳೆ, ಗಂಡನ ಮನೆಯವರೆದುರೇ ಹೇಳುತ್ತೇನೆಂದಿದ್ದಾಳೆ.